ಹೂಮಳೆ ಯಾಕೆ ಲೆಕ್ಕ ತಪ್ತಿದೆ?

ಕಾಫಿ ಬೆಳೆಗಾರರಿಗೆಲ್ಲ ನಮಸ್ಕಾರ. ಹವಾಮಾನ ಬದಲಾವಣೆ ಬಗ್ಗೆ ಮಾತಾಡಿ ಅಂದಿದ್ದಾರೆ, ಧ್ರುವದ ಮಂಜು ಕರಗೋ ಕತೆ ಬಿಟ್ಟು ನಾನು ಸೀದಾ ತೋಟಕ್ಕೇ ಬರ್ತೀನಿ. ಹೇಳೋದು ಒಂದೇ ಮಾತು, ಮಳೆ ಎಷ್ಟು ಬಂತು ಅಂತ ನೋಡ್ಬೇಡಿ, ಯಾವಾಗ ಬಂತು ನೋಡಿ.

ಮೂಡಿಗೆರೆ ಕಡೆ ಒಬ್ರು ಹಿರಿಯರಿದ್ದಾರೆ, ಅವರಪ್ಪನ ಕಾಲದಿಂದ ಮಳೆ ಡೈರಿ ಇದೆ, ಬೆಳಿಗ್ಗೆ ಎದ್ದು ಮಳೆ ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ) ಅಂತ ಲೆಕ್ಕ ಬರೆದ ಮೇಲೇ ಅವರಿಗೆ ಕಾಫಿ. "ಟೋಟಲ್ ಹೆಚ್ಚುಕಮ್ಮಿ ಅಷ್ಟೇ ಇದೆಯಲ್ಲ ಸಾರ್, ಏನ್ ಬದಲಾಗಿದೆ?" ಅಂತ ಡೈರಿ ಮುಂದಿಟ್ರು. ಟೋಟಲ್ ಬಿಡಿ, ಫೆಬ್ರವರಿ ಮಾರ್ಚ್ ಪುಟ ತೆಗೀರಿ ಅಂದೆ. ಹಳೇ ಪುಟದಲ್ಲಿ ಕಾಫಿ ಮೊಗ್ಗು ಬಿರಿಸೋ ಹೂಮಳೆ, ಎರಡು ಮೂರು ವಾರ ಬಿಟ್ಟು ಕಾಯಿ ಕಟ್ಟೋಕೆ ಬೇಕಾದ ಬ್ಯಾಕಿಂಗ್ ಮಳೆ, ಪಕ್ಕದಲ್ಲಿ ನೀಲಿ ಇಂಕಲ್ಲಿ 'ಹೂ ಚೆನ್ನಾಗಿದೆ' ಅಂತ. ಈಚಿನ ಪುಟ ನೋಡಿದ್ರೆ ಒಂದ್ವರ್ಷ ಜನವರಿಯಲ್ಲೇ ಮಳೆ, ಹಣ್ಣು ಕುಯ್ಯೋದೇ ಮುಗಿದಿಲ್ಲ ಅದೇ ಗಿಡದಲ್ಲಿ ಹೂವೂ ಬಂದಿದೆ, ಇನ್ನೊಂದು ವರ್ಷ ನಾಲ್ಕು ಹನಿ ಬಿದ್ದು ಮೊಗ್ಗೇ ಸರಿಯಾಗಿ ಬಿರಿದಿಲ್ಲ, ಮತ್ತೊಂದು ವರ್ಷ ಹೂ ಬಿರಿದ ದಿನಾನೇ ಜೋರು ಮಳೆ, ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದೇ ತೊಳೆದುಹೋದ್ರೆ ಕಾಯಿ ಎಲ್ಲಿಂದ ಕಟ್ಟುತ್ತೆ ಹೇಳಿ? ಆಗಸ್ಟಲ್ಲಿ ಒಂದೇ ವಾರ ಸುರಿದು ಟೋಟಲ್ ಸರಿಮಾಡಿದೆ, ಅಷ್ಟೇ. ಆಮೇಲೆ ಅವರು ಟೋಟಲ್ ವಿಷಯ ಎತ್ತಲಿಲ್ಲ.

ಕಾರಣ ನಾವೇ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ಸುಟ್ಟೂ ಸುಟ್ಟೂ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡು ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು 420 ದಾಟಿದೆ, ಅದು ಶಾಖ ಹಿಡಿದಿಟ್ಟು ಗಾಳೀನ ಬಿಸಿ ಮಾಡುತ್ತೆ. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡ್ಕೊಳ್ಳುತ್ತೆ, ಬಿಟ್ರೆ ಒಟ್ಟಿಗೇ ಬಿಡುತ್ತೆ. "ಹಿಂದೆಯೂ ಹಿಂಗೇ ಇತ್ತು, ಎಲ್ಲ ಸೂರ್ಯನ ಆಟ" ಅನ್ನೋರಿದ್ದಾರೆ, ಕೇಳಿ ಕೇಳಿ ಸಾಕಾಗಿದೆ. ಸೂರ್ಯನೇ ಕಾರಣ ಆಗಿದ್ರೆ ವಾತಾವರಣದ ಮೇಲಿನ ಪದರವೂ ಬಿಸಿ ಆಗ್ಬೇಕಿತ್ತು, ಅದು ತಣ್ಣಗಾಗ್ತಿದೆ, ಕೆಳಗಿಂದು ಮಾತ್ರ ಕಾಯ್ತಿದೆ.

ಟೈಮ್ ಆಗ್ತಾ ಬಂತು, ಬೇಗ ಹೇಳ್ಬಿಡ್ತೀನಿ. ಅರೇಬಿಕಾ ಕಾಫಿಯವರು ದಯವಿಟ್ಟು ನೆರಳಿನ ಮರ ಕಡೀಬೇಡಿ, ಅತ್ತಿ ಹಲಸು ಇರಲಿ, ಬಿಸಿಲು ಬಿದ್ದಷ್ಟೂ ಕಾಂಡ ಕೊರೆಯೋ ಹುಳ, ಬಿಳಿ ಕಾಂಡಕೊರಕ, ಜಾಸ್ತಿ. ರೊಬಸ್ಟಾದವರು ಈ ಬೇಸಿಗೆಯಲ್ಲೇ ಕೆರೆ ಹೂಳು ತೆಗೆಸಿ, ಮುಂದಿನ ಸಲ ಹೂಮಳೆ ಕೈಕೊಟ್ರೆ ಸ್ಪ್ರಿಂಕ್ಲರ್‌ಗೆ ನೀರು ಬೇಕಲ್ಲ. ನಮಸ್ಕಾರ.