ಅಠಾರ ಕಚೇರಿ: ಬೆನ್ನು ನೋಡಿ ಮುಖ ಎಂದುಕೊಂಡ ಕಥೆ

ಈ ವಿಡಿಯೊ ದೃಶ್ಯದಲ್ಲಿ ನನ್ನ ಬಾಯಿ ಆಡುತ್ತಿರುವುದಕ್ಕೂ ನೀವು ಕೇಳುತ್ತಿರುವ ಮಾತಿಗೂ ಹೊಂದಾಣಿಕೆ ಇಲ್ಲ. ಗೊತ್ತು. ಅಲ್ಲಿ ನಿಂತು ಆಡಿದ ಮಾತನ್ನೆಲ್ಲ ಅಳಿಸಿ, ಮನೆಯಲ್ಲಿ ಕುಳಿತು ಮತ್ತೆ ಮಾತನಾಡುತ್ತಿದ್ದೇನೆ. ಏಕೆಂದು ಈಗಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡರೆ ಕರಗುವಂಥದ್ದಲ್ಲ.

ಬಂದದ್ದು ಬೆಂಗಳೂರಿನ ಅಠಾರ ಕಚೇರಿ ನೋಡಲು. ಇಂದಿನ ಹೈಕೋರ್ಟ್. ಬೆಳಗಿನ ಬೆಳಕು, ಕಬ್ಬನ್ ಪಾರ್ಕಿನ ಮರಗಳು, ಅವುಗಳ ಸಂದಿಯಲ್ಲಿ ಕೆಂಪು ಗೋಡೆ, ಸಾಲು ಕಂಬಗಳು. ಇನ್ನೇನು ಬೇಕು? ಟ್ರೈಪಾಡ್ ನೆಟ್ಟು, ಇಪ್ಪತ್ತು ನಿಮಿಷ ಆ ಗೋಡೆಯನ್ನು ಹಾಡಿ ಹೊಗಳಿದೆ. "ಒಂದೂವರೆ ಶತಮಾನದ ಮಳೆ ನೆನೆದ ಗೋಡೆ" ಎಂದೆ. "ಇಂಥ ಕೆಲಸ ಈಗ ಯಾರು ಮಾಡುತ್ತಾರೆ" ಎಂದೆ. ಸ್ವರ ಗದ್ಗದವಾಗಿತ್ತು, ನಾಚಿಕೆಯಾಗುತ್ತದೆ. ವಾಯುವಿಹಾರಕ್ಕೆ ಬಂದ ಹಿರಿಯರೊಬ್ಬರು ಅಷ್ಟೂ ಹೊತ್ತು ತಾಳ್ಮೆಯಿಂದ ನಿಂತು ಕೇಳಿ, ಕೊನೆಗೆ ಕೈಗೋಲು ಎತ್ತಿ ತೋರಿಸಿದರು: "ಇದು ಹಿಂಬದಿಗೆ ಕಟ್ಟಿದ ಹೊಸ ಭಾಗ ಮಾರಾಯರೇ. ಹಳೆಯದು ಆ ಕಡೆ."

ಕೋರ್ಟಿಗೆ ಜಾಗ ಸಾಲದೆ, ಹಳೆಯ ಕಟ್ಟಡದ ಹಿಂಭಾಗದಲ್ಲಿ ಅದೇ ಬಣ್ಣ, ಅದೇ ಧಾಟಿಯಲ್ಲಿ ಕಟ್ಟಿದ ವಿಸ್ತರಣೆಯದು. ವಯಸ್ಸಿನಲ್ಲಿ ಹಳೆಯದಕ್ಕೆ ಮೊಮ್ಮಗನ ಮೊಮ್ಮಗನಿದ್ದಂತೆ. ಆಗ ಬಂದ ಸಿಟ್ಟು ಹೇಳತೀರದು. ಇದು ಮೋಸ ಎಂದು ಕ್ಯಾಮೆರಾಕ್ಕೆ ಹೇಳಿದೆ ಕೂಡ. ಹೊಸದು ಹೊಸದಾಗಿಯೇ ಕಾಣಬೇಕು, ಅಜ್ಜನ ಪೇಟ ಸುತ್ತಿಕೊಂಡು ನಿಲ್ಲಬಾರದು. ಹಿರಿಯರು ನಕ್ಕು ನಡೆದುಬಿಟ್ಟರು.

ಇದು ಅಂಬೇಡ್ಕರ್ ವೀದಿ. ಸುತ್ತಿ ಬಂದೆ. ಈಗ ನೋಡುತ್ತಿರುವುದು ನಿಜವಾದ ಮುಖ, ಎದುರಿಗೆ ವಿಧಾನಸೌಧ.

ಅಠಾರ ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಇದ್ದುದರಿಂದ ಆ ಹೆಸರು. ಅದಕ್ಕೂ ಮೊದಲು ಅವೆಲ್ಲ ಕೋಟೆಯ ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದವು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಆ ತೇಗದ ಕಂಬಗಳ ನಡುವೆ ಕಡತಗಳ ಸಂಸಾರ ಮೂವತ್ತೇಳು ವರ್ಷ ನಡೆಯಿತು. ದರ್ಬಾರು ನಡೆದಲ್ಲಿ ಗುಮಾಸ್ತರು! ಅಲ್ಲಿ ಇಕ್ಕಟ್ಟಾಗಿಯೇ ಇದು ಹುಟ್ಟಿದ್ದು. 1864ರಲ್ಲಿ ಶುರುವಾಗಿ 1868ರಲ್ಲಿ ಮುಗಿಯಿತು. ವಿನ್ಯಾಸ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಅವರದು. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿ. ಆ ಕೆರೆಯ ಏರಿಯ ಮೇಲೆ ಒಮ್ಮೆ ಒಂದು ಬಾತುಕೋಳಿ ನನ್ನನ್ನು... ಬೇಡ, ದೃಶ್ಯ ಮುಗಿಯುತ್ತಿದೆ.

ಕ್ಯಾಮೆರಾ ಈಗ ವಿಧಾನಸೌಧದತ್ತ ತಿರುಗುತ್ತದೆ. 1956ರಲ್ಲಿ ಅದು ಪೂರ್ಣವಾಯಿತು, ಸಚಿವಾಲಯ ರಸ್ತೆ ದಾಟಿತು. ಹದಿನೆಂಟು ಇಲಾಖೆಗಳ ಮನೆಗೆ ನ್ಯಾಯಾಲಯವೇ ಒಡೆಯನಾಯಿತು. ಆದರೂ ಹೆಸರು ಮಾತ್ರ ಅಠಾರವೇ. ಬೆಂಗಳೂರಿನಲ್ಲಿ ಕೆರೆ ಬತ್ತಿದರೂ ಕೆರೆಯ ಹೆಸರು ಬತ್ತುವುದಿಲ್ಲವಲ್ಲ, ಹಾಗೆ.

ಇನ್ನು ನನಗೆ ಇಷ್ಟವಾದ ಭಾಗ. 1980ರ ದಶಕದಲ್ಲಿ ಅಠಾರ ಕಚೇರಿಯನ್ನು ಕೆಡವುವ ಪ್ರಸ್ತಾವ ಬಂತು. ಕಾರಣ ಮತ್ತದೇ, ಜಾಗ ಸಾಲದು. ಜನ ಸುಮ್ಮನಿರಲಿಲ್ಲ, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ವಿಚಾರಣೆ ಎಲ್ಲಿ ನಡೆಯಬೇಕು? ಇಲ್ಲಿಯೇ! ಕೆಡವಬೇಕೋ ಬೇಡವೋ ಎಂಬ ವಾದವನ್ನು ಆ ಗೋಡೆಗಳೇ ಕೇಳಿಸಿಕೊಂಡವು. ಕಟ್ಟಡ ಉಳಿಯಿತು.

ಹಾಗಾಗಿ, ಹಿಂಬದಿಯ ಆ ವಿಸ್ತರಣೆಯನ್ನು ಮೋಸ ಎಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅರ್ಧದಷ್ಟು. ಹಳೆಯದನ್ನು ಉರುಳಿಸಿ ಗಾಜಿನ ಪೆಟ್ಟಿಗೆ ನಿಲ್ಲಿಸುವುದಕ್ಕಿಂತ, ಅದರ ಬೆನ್ನಿಗೆ ಅದರದೇ ವೇಷದ ಕೋಣೆಗಳನ್ನು ಜೋಡಿಸಿದ್ದು ಎಷ್ಟೋ ವಾಸಿ. ನನ್ನಂಥವರು ಏಮಾರಿದರೆ ಅದು ನಮ್ಮ ಕಣ್ಣಿನ ದೋಷ. ಉಳಿದರ್ಧ ಸಿಟ್ಟು ಆ ಇಪ್ಪತ್ತು ನಿಮಿಷಗಳಿಗಾಗಿ ಹಾಗೆಯೇ ಇರಲಿ.

ಮುಂಭಾಗದಲ್ಲಿ ಮೊದಲು ಬ್ರಿಟಿಷ್ ಕಾಲದ ಮೈಸೂರು ಕಮಿಷನರ್ ಮಾರ್ಕ್ ಕಬ್ಬನ್ ಕುದುರೆ ಏರಿ ನಿಂತಿದ್ದರು. 2020ರಲ್ಲಿ ಪ್ರತಿಮೆಯನ್ನು ಪಾರ್ಕಿನೊಳಕ್ಕೆ ಸಾಗಿಸಿದರು. ಅದನ್ನೂ ತೋರಿಸಬೇಕೆಂದಿದ್ದೆ. ಪಾರ್ಕಿನಲ್ಲಿಯೇ ಅಷ್ಟು ಹೊತ್ತು ಇದ್ದರೂ ತಪ್ಪು ಗೋಡೆಯನ್ನು ಹೊಗಳುವುದರಲ್ಲಿ ಮೈಮರೆತಿದ್ದೆ. ಮತ್ತೆ ಸುತ್ತು ಹಾಕೋಣವೆಂದು ಹೊರಟರೆ ಬ್ಯಾಟರಿಯಲ್ಲಿ ಉಳಿದದ್ದು ಎರಡೇ ಪ್ರತಿಶತ. ಈ ಅಲುಗಾಡುತ್ತಿರುವ ಮರ, ನನ್ನ ಚಪ್ಪಲಿ, ಯಾರದೋ ನಾಯಿ, ಇಷ್ಟರಲ್ಲಿಯೇ ಕ್ಯಾಮೆರಾ ಕಣ್ಣು ಮುಚ್ಚುತ್ತದೆ ನೋಡಿ, ಈಗ—