ಗುಡ್ಡ ಹತ್ತುವಾಗ ನಾಡಿ ಎಷ್ಟು?

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯವರಿಗೆ ಗೊತ್ತು: ತೋಟ, ಮನೆ ತಗ್ಗಿನಲ್ಲಿ, ಬಸ್ಸಿನ ರಸ್ತೆ ಮುರಕಲ್ಲಿನ ಗುಡ್ಡದ ಮೇಲೆ. ಅಂಗಳ ದಾಟಿದರೆ ಏರು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದಾಗ ನಾನು ಆ ಏರನ್ನೇ ಬಿರಬಿರನೆ ಹತ್ತತೊಡಗಿದೆ. ಬೆವರು ಸುರಿದಷ್ಟೂ ಒಳ್ಳೆಯದೆಂದು ನಂಬಿದ್ದೆ. ಎರಡೇ ವಾರದಲ್ಲಿ ಬೆಳಗ್ಗೆ ಏಳಲೂ ಮನಸ್ಸಾಗದಂತಾಯಿತು.

ಒಂದು ದಿನ ಗುಡ್ಡದ ತುದಿಯ ಕಟ್ಟೆಯಲ್ಲಿ ಕೂತು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ನಾಡಿ ಎಣಿಸಿದೆ. ಹದಿನೈದು ಸೆಕೆಂಡಿಗೆ 36. ಅಂದರೆ ನಿಮಿಷಕ್ಕೆ 144.

ನನಗೆ 52 ವರ್ಷ. 220ರಿಂದ ವಯಸ್ಸು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿ 168. ಇದು ಅಂದಾಜು ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದುಂಟು. ಈ ಮಿತಿಯ ಶೇಕಡಾ 50ರಿಂದ 100ರವರೆಗೆ ಹತ್ತು ಹತ್ತರಂತೆ ಐದು ವಲಯ ಮಾಡುತ್ತಾರೆ. ನಾನಿದ್ದದ್ದು ನಾಲ್ಕನೆಯದರಲ್ಲಿ, ದಿನವೂ! ಓಟದ ಪಂದ್ಯಕ್ಕೆ ಹೋಗುವವರೂ ಅಲ್ಲಿ ದಿನಾ ಇರುವುದಿಲ್ಲ.

ನಮ್ಮಂಥವರ ಹೆಚ್ಚಿನ ನಡಿಗೆ ಎರಡನೆಯ ವಲಯದಲ್ಲಿರಲಿ ಎಂಬುದು ನನ್ನ ಕಳಕಳಿಯ ಮಾತು. ಶೇಕಡಾ 60ರಿಂದ 70, ನನ್ನ ಲೆಕ್ಕದಲ್ಲಿ 101ರಿಂದ 118. ಅಲ್ಲಿ ಸ್ನಾಯುಗಳು ಆಮ್ಲಜನಕದ ಬಲದಿಂದ ಕೊಬ್ಬನ್ನು ಚೆನ್ನಾಗಿ ಉರಿಸುತ್ತವೆ, ಮರುದಿನಕ್ಕೆ ಸುಸ್ತು ಉಳಿಯುವುದಿಲ್ಲ. ಒಗ್ಗಿದ ಮೇಲೆ ವಾರಕ್ಕೊಮ್ಮೆ ಏರನ್ನು ಜೋರಾಗಿ ಹತ್ತಬಹುದು.

ಪಗ್ಗು ತಿಂಗಳ, ಅಂದರೆ ಏಪ್ರಿಲ್-ಮೇ ಹೊತ್ತಿನ, ಸೆಕೆಯಲ್ಲಿ ಈ ಲೆಕ್ಕ ಏರುಪೇರಾಗುತ್ತದೆ. ಮೈ ತಂಪಾಗಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕಲ್ಲ, ಅದೇ ನಡಿಗೆಗೆ ಬಡಿತ ಹೆಚ್ಚುತ್ತದೆ. ಆಗ ನಡಿಗೆಯನ್ನೇ ನಿಧಾನ ಮಾಡಿ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ 220ರ ಲೆಕ್ಕ ಹಿಡಿಯುವುದೇ ಇಲ್ಲ; ಆ ಮಾತ್ರೆ ಬಡಿತವನ್ನು ತಗ್ಗಿಸಿಯೇ ಇಟ್ಟಿರುತ್ತದೆ. ಅವರು ಉಸಿರನ್ನು ನೋಡಿಕೊಳ್ಳಲಿ. ಪಕ್ಕದವರೊಡನೆ ಅಡಿಕೆಯ ಧಾರಣೆ ಮಾತಾಡಲು ಆಗಬೇಕು, ಯಕ್ಷಗಾನದ ಪದ ಎತ್ತಿ ಹಾಡಲು ಆಗಬಾರದು, ಅದೇ ಹದ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಡಾಕ್ಟರನ್ನು ಕಾಣಿ.

ನಾಳೆ ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ನಾಡಿ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನನ್ನದು ಮೊದಲು 76 ಇತ್ತು. ಮೂರು ತಿಂಗಳು ನಿಧಾನವಾಗಿ ನಡೆದ ಮೇಲೆ ಈಗ 68. ನಮಸ್ಕಾರ.