ಗೋಲ್ಡ್ ಶಿಪ್: ತಲೆ ಕೆಟ್ಟಿದ್ದು ಕುದುರೆಗೋ, ಲೆಕ್ಕ ಹಾಕಿದವರಿಗೋ?

[ತೆರೆಯ ಮೇಲೆ: 5, 15, 3, 1, 7, 1, 2, 14]

ನಮಸ್ಕಾರ. ಇದು ಬ್ಯಾಂಕಿನವರು ಕಳಿಸಿದ ಒಟಿಪಿ ಅಲ್ಲ. ಗೋಲ್ಡ್ ಶಿಪ್ ಎಂಬ ಜಪಾನಿನ ರೇಸ್ ಕುದುರೆ 2013ರ ಅಕ್ಟೋಬರ್‌ನಿಂದ ಒಂದು ವರ್ಷ ಓಡಿದ ಓಟಗಳಲ್ಲಿ ಪಡೆದ ಸ್ಥಾನಗಳು. ಇವತ್ತು ಮೊದಲು, ನಾಳೆ ಹದಿನಾಲ್ಕು. ಇಂಥ ಕುದುರೆಯನ್ನು ಅಳೆಯುವುದು ಹೇಗೆ ಎಂದು ನಿಮ್ಮಲ್ಲೊಬ್ಬರು ಕೇಳಿದ್ದಿರಿ.

ರೇಸಿನವರು ಹೇಳುವ ‘ಫಾರ್ಮ್’ ಎಂದರೆ ಹಿಂದಿನ ಫಲಿತಾಂಶಗಳ ಈ ಸಾಲು, ಅಷ್ಟೇ. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಪುಸ್ತಕ ಹಿಡಿದು ನಿಂತವರು ನೋಡುವುದೂ ಇದನ್ನೇ. ಮುಂದೆ ಹೋಗೋಣ.

ಈಗ ಅದೇ ಫಲಿತಾಂಶಗಳನ್ನು ದಿನಾಂಕದ ಬದಲು ಮೈದಾನದ ಪ್ರಕಾರ ಜೋಡಿಸಿ.

[ತೆರೆಯ ಮೇಲೆ: ಹನ್‌ಶಿನ್ – 1, 1, 1, 1, 1, 1]

ಹುಚ್ಚು ಬಿಟ್ಟುಹೋಯಿತಲ್ಲವೇ! 2012ರಿಂದ 2015ರ ಮಾರ್ಚ್‌ವರೆಗೆ ಹನ್‌ಶಿನ್ ಮೈದಾನದಲ್ಲಿ ಆರು ಓಟ, ಆರೂ ಗೆಲುವು. ಟೋಕಿಯೋದಲ್ಲಿ ಒಟ್ಟು ನಾಲ್ಕು ಓಟಕ್ಕೆ ಒಂದೇ ಗೆಲುವು. ಈ ಕುದುರೆ ಶಿರಾಡಿ ಘಾಟಿ ಹತ್ತುವ ಹಳೆಯ ಲಾರಿಯಂತೆ: ವೇಗ ಹಿಡಿಯುವುದು ನಿಧಾನ, ಹಿಡಿದ ಮೇಲೆ ಬಿಡುವುದಿಲ್ಲ. ಹನ್‌ಶಿನ್‌ನಲ್ಲಿ ಗುರಿಗೆ ಸ್ವಲ್ಪ ಮೊದಲು ಏರು ಬರುತ್ತದೆ. ಇತರ ಕುದುರೆಗಳ ಉಸಿರು ಕಟ್ಟುವ ಜಾಗದಲ್ಲಿ ಇದಕ್ಕೆ ಹುರುಪು. ಟೋಕಿಯೋದ ಅರ್ಧ ಕಿಲೋಮೀಟರಿಗೂ ಉದ್ದದ ನೇರ ದಾರಿಯಲ್ಲಿ ಬೇಕಾದದ್ದು ಥಟ್ಟನೆ ಸಿಡಿಯುವ ಕಾಲು. ಅದು ಇದಕ್ಕಿರಲಿಲ್ಲ.

ಲೆಕ್ಕ ಸಿಕ್ಕಿತು ಎಂದು ನಾನೂ ಬೀಗಿದೆ. ಆಮೇಲೆ 2015ರ ಮೇ ತಿಂಗಳ ಓಟದ ದೃಶ್ಯ ನೋಡಿದೆ. ಕ್ಯೋಟೋದಲ್ಲಿ 3,200 ಮೀಟರಿನ ತೆನ್ನೋ ಶೋ ಎಂಬ ಓಟ. ಓಟ ಶುರುವಾಗುವ ಗೇಟಿನೊಳಗೆ ಹೋಗಲು ಗೋಲ್ಡ್ ಶಿಪ್ ಸುತರಾಂ ಒಪ್ಪಲಿಲ್ಲ. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಸೇರಿಸಿದರು. ಇಷ್ಟು ರಂಪ ಮಾಡಿದ ಮೇಲೆ ಮಹಾಶಯ ಗೆದ್ದೇಬಿಟ್ಟ! ಗೆದ್ದ ಖುಷಿಯಲ್ಲಿ ರಂಪ ಮರೆತುಹೋಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವ ಸರದಿ ಈಗ ಬಾಜಿ ಕಟ್ಟುವವರದು.

ಅದೇ ವರ್ಷ ಜೂನ್ 28, ಹನ್‌ಶಿನ್, ತಕರಜುಕಾ ಕಿನೆನ್ ಎಂಬ ಓಟ. ಹಿಂದಿನ ಎರಡು ವರ್ಷವೂ ಇದೇ ಗೆದ್ದಿತ್ತು. ಎಲ್ಲರ ಮೆಚ್ಚಿನ ಕುದುರೆ. ಗೇಟು ತೆರೆಯುವ ಹೊತ್ತಿಗೆ ಗೋಲ್ಡ್ ಶಿಪ್ ಹಿಂಗಾಲುಗಳ ಮೇಲೆ ಎದ್ದು ನಿಂತಿತು. ಬೆನ್ನ ಮೇಲೆ ಜಾಕಿ ಯೊಕೊಯಾಮಾ ನೊರಿಹಿರೋ ಅಂಟಿಕೊಂಡಿದ್ದರು. ಉಳಿದ ಹದಿನೈದು ಕುದುರೆಗಳು ಆಗಲೇ ಹೊರಟಿದ್ದವು. ಮುಂಗಾಲು ನೆಲಕ್ಕೆ ಬರುವಷ್ಟರಲ್ಲಿ ಓಟ ಮುಗಿದಂತೆಯೇ. ಹದಿನಾರರಲ್ಲಿ ಹದಿನೈದನೆಯ ಸ್ಥಾನ. ರದ್ದಿಯಾದ ಟಿಕೆಟ್‌ಗಳ ಬೆಲೆ ಸುಮಾರು 1,200 ಕೋಟಿ ಯೆನ್. ಜಪಾನಿನ ರೇಸ್ ಅಭಿಮಾನಿಗಳು ಇಂದಿಗೂ ಆ ಮೊತ್ತದಿಂದಲೇ ಈ ಪ್ರಕರಣವನ್ನು ಹೆಸರಿಸುತ್ತಾರೆ.

ನಾನು ಮೈದಾನ ನೋಡಿದೆ, ಏರು ನೋಡಿದೆ, ಗೇಟನ್ನೇ ನೋಡಿರಲಿಲ್ಲ. ಸ್ಥಾನಗಳ ಸಾಲಿನಲ್ಲಿ ಮೇ ತಿಂಗಳ ಓಟ ಬರೀ "1".

ಸಮಯವಾಯಿತು, ಉಳಿದದ್ದು ಒಂದೇ ಉಸಿರಿನಲ್ಲಿ. ದೂರ, ನೆಲದ ತೇವ, ವಯಸ್ಸು, ಜಾಕಿ ಎಲ್ಲವನ್ನೂ ನೋಡಬೇಕು. ವಂಶವನ್ನೂ: ತಂದೆ ಸ್ಟೇ ಗೋಲ್ಡ್ ಸಿಡುಕಿಗೆ ಹೆಸರಾದದ್ದು. ಅದರದೇ ಇನ್ನೊಂದು ಮರಿ ಓರ್ಫೆವ್ರ್ 2012ರಲ್ಲಿ ನಡು ಓಟದಲ್ಲಿ ದಾರಿ ಬಿಟ್ಟು ಹೊರಗೆ ಸರಿದು, ಮತ್ತೆ ಬಂದು ಎರಡನೆಯ ಸ್ಥಾನ ಪಡೆಯಿತು!

ಗೋಲ್ಡ್ ಶಿಪ್ 28 ಓಟಗಳಲ್ಲಿ 13 ಗೆದ್ದು, 2015ರ ಕೊನೆಗೆ ನಿವೃತ್ತವಾಗಿ ತಳಿಕೇಂದ್ರ ಸೇರಿತು. ಅದರ ಮಗಳು ಯೂಬರ್‌ಲೇಬೆನ್ 2021ರಲ್ಲಿ ಜಪಾನಿನ ಓಕ್ಸ್ ಎಂಬ ಓಟ ಗೆದ್ದಳು. ಮೈದಾನ ಯಾವುದು ಗೊತ್ತೇ? ಟೋಕಿಯೋ.